ಎಣಿಸುವ ಬೆರಳು

ಇಟಲಿಯ ಫೆರಾರಾ ಊರಿನ ತದ್ದೇವೊ ಪಂಡಿತರಿಗೆ ಲ್ಯಾಟಿನ್ ಬಿಟ್ಟು ಬೇರೆ ಮಾತಾಡುವುದೆಂದರೆ ತುತ್ತಿನಲ್ಲಿ ಕಲ್ಲು ಸಿಕ್ಕಂತೆ. ಹೆಸರಿಗೂ ಲ್ಯಾಟಿನ್ ಬಾಲ ಸೇರಿಸಿ ತದ್ದೇಯುಸ್ ಆಗಿರುವ ಅವರು, ಹೆಂಡತಿ ಓರ್ಸೊಲಾ ಹಳೆಯ ಹೆಸರು ಹಿಡಿದು ಊಟಕ್ಕೆ ಕರೆದರೆ ಕಿವುಡರಂತೆ ಕೂರುತ್ತಾರೆ. ಹುರಿದ ಮೀನಿನ ವಾಸನೆ ಬಂದರೆ ಮಾತ್ರ ಎರಡೂ ಹೆಸರಿಗೆ ಓಗೊಡುತ್ತಾರೆ. ಊರಿನ ಗೋರಿಗಳ ಮೇಲೆಲ್ಲ ಇವರದೇ ಪದ್ಯ. ಯಾರಾದರೂ ಹಾಸಿಗೆ ಹಿಡಿದರೆ ಸಾಕು, ನೋಡಲು ಹೋದ ಪಂಡಿತರ ಬೆರಳುಗಳು ತಾವಾಗಿಯೇ ಗೋರಿಪದ್ಯಕ್ಕೆ ಗುರು ಲಘು ಎಣಿಸತೊಡಗುತ್ತವೆ. "ನಂಗೆ ಬರೀ ನೆಗಡಿ ಪಂಡಿತ್ರೇ, ಬೆರಳು ಅಂಗಿತೋಳೊಳಗಿಟ್ಕೊಳ್ಳಿ," ಎಂದು ರೊಟ್ಟಿಯಂಗಡಿಯ ಬೆರ್ತೊ ಮುಸುಕಿನೊಳಗಿಂದಲೇ ಹೇಳಿದ್ದನಂತೆ. ಓರ್ಸೊಲಾ ಕೂಡ ಅದಕ್ಕೆ ನಕ್ಕವಳೇ, ತನ್ನ ಕೂಸು ಜ್ವರದಲ್ಲಿ ಬೆಂದು ಹಾಲು ಕುಡಿಯುವುದನ್ನೇ ಬಿಡುವ ತನಕ. ಅಂದು ತೊಟ್ಟಿಲ ಬಳಿ ಗಂಡನ ಬೆರಳು ಕೂಸಿನ ಮಣಿಕಟ್ಟಿನ ಮೇಲೆ ಆಡುವುದನ್ನು ಕಂಡು ಅವಳು ಧಾವಿಸಿ ಬಂದಳು. "ಇವನಿಗೂ ಗೋರಿಪದ್ಯ ಶುರು ಮಾಡಿದ್ರಾ? ತೆಗೀರಿ ಕೈ." ಪಂಡಿತರು ತೆಗೆಯಲಿಲ್ಲ. "ಪದ್ಯ ಅಲ್ಲ ಕಣೇ, ನಾಡಿ," ಎಂದರು, ಲ್ಯಾಟಿನ್ ಬಿಟ್ಟು ಅಪ್ಪಟ ಮೀನುಪೇಟೆಯ ಮಾತಿನಲ್ಲಿ. "ಬೆಳಿಗ್ಗೆಯಿಂದ ಜ್ವರಕ್ಕೆ ಬರೀ ಲಘುವೇ ಓಡ್ತಿತ್ತು. ಈಗ ನೋಡು, ನಡುನಡುವೆ ಒಂದೊಂದು ಗುರು ನಿಧಾನವಾಗಿ ಬೀಳ್ತಿದೆ." ಓರ್ಸೊಲಾ ಛಂದಸ್ಸು ಕಲಿತವಳಲ್ಲ, ಆದರೂ ಅವರ ಬೆರಳಿನ ಪಕ್ಕ ತನ್ನದನ್ನೂ ಇಟ್ಟು, ಮುಂದಿನ ಗುರುವಿಗಾಗಿ ಕಾದಳು.