‘ಹ’ ಬಾರದವರಿಗೆ ಕರೆಂಟಿಲ್ಲವಂತೆ

ಹೋದ ಶನಿವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ನಾನು ಮಿಷಿನ್ನಿನ ಮೇಲಿಂದ ಎರಡೂ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡು ಕೂತೆ. ಅಷ್ಟೇ ಮಾಡಿದ್ದು. ಸೋಮವಾರ ಮೆಮೋ ಬಂತು.

ಕೈ ಮಾಡಿದವರಿಗೆ ಮೆಮೋ ಕೊಡುವುದನ್ನು ಕೇಳಿದ್ದೀರಿ. ಕೈ ಕಟ್ಟಿ ಕೂತವರಿಗೆ?

ನಾನು ಮದ್ದೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಯಾವ ಕಚೇರಿ ಅಂತ ಕೇಳಬೇಡಿ. ಕರೆಂಟಿಗೆ ಅರ್ಜಿ ತೆಗೆದುಕೊಳ್ಳುವ ಕಚೇರಿ, ಸಾಕು.) ಆರು ತಿಂಗಳ ಹಿಂದೆ ಬೆಂಗಳೂರಿನವರು ಪ್ರಯೋಗಕ್ಕೆಂದು ನಮ್ಮಲ್ಲಿ ಒಂದು ಟರ್ಮಿನಲ್ ತಂದಿಟ್ಟರು. ನೋಡಲು ದಪ್ಪನೆಯ ಟೈಪ್‌ರೈಟರ್. ಟ್ರಂಕ್ ಕಾಲ್ ಹಾಕಿ, ಫೋನಿನ ರಿಸೀವರನ್ನು ಪಕ್ಕದ ರಬ್ಬರ್ ಬಟ್ಟಲಿನಲ್ಲಿ ಮಲಗಿಸಿದರೆ ಬೆಂಗಳೂರಿನ ಕಂಪ್ಯೂಟರ್ ಜೊತೆ ಮಾತು ಶುರು. ನಾವು ಒಂದು ಸಾಲು ಹೊಡೆದರೆ ಅದು ಕಾಗದದ ಸುರುಳಿಯ ಮೇಲೆ ಉತ್ತರ ಹೊಡೆಯುತ್ತದೆ. ಎಲ್ಲಾ ಇಂಗ್ಲಿಷಿನಲ್ಲಿ. ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ ನಮ್ಮ ಪಾಳಿ.

ಅದರ ಹೊಟ್ಟೆಯಲ್ಲಿ ನಮ್ಮ ಎರಡು ಪಟ್ಟಿಗಳಿವೆ. ಹೊಸ ಕನೆಕ್ಷನ್ ಬೇಕೆಂದು ಅರ್ಜಿ ಹಾಕಿದವರದು ಒಂದು. ಲೈನ್‌ಮನ್ ಕೆಂಪಯ್ಯ ಗೆಜ್ಜಲಗೆರೆಯಿಂದ ಮಳವಳ್ಳಿ ದಾರಿಯವರೆಗೆ ಸೈಕಲ್ ತುಳಿದು, ಜಾಗ ನೋಡಿ, ಹೆಸರು ಕೇಳಿ ಬರೆದು ತಂದದ್ದು ಇನ್ನೊಂದು. ಅರ್ಜಿಯಲ್ಲಿದ್ದು ಕೆಂಪಯ್ಯನ ಪಟ್ಟಿಯಲ್ಲಿ ಇಲ್ಲದವರು ಬೋಗಸ್, ಅವರನ್ನು ತೆಗೆಯಿರಿ ಎಂದು ಸಾಹೇಬರ ಆಜ್ಞೆ. ಒಮ್ಮೆ ತೆಗೆದರೆ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಸರದಿಯ ಬಾಲಕ್ಕೆ.

ಇದನ್ನು ಮಾಡಿಸಲು ಬೆಂಗಳೂರಿನಿಂದ ಮೂರ್ತಿ ಎಂಬ ಎಂಜಿನಿಯರ್ ಬಂದಿದ್ದ. ಒಳ್ಳೆಯವನೇ. ಹೊಸ ಉಪಾಯ ಹೇಳಿಕೊಟ್ಟ.

“ಮೇಡಂ, ಒಬ್ಬೊಬ್ಬರ ಹೆಸರಿಗೂ ನೀವು ಸಾಲು ಹೊಡೀತಾ ಕೂರಬೇಕಿಲ್ಲ. ಯಾರು ಸಿಗಲಿಲ್ಲವೋ ಅವರನ್ನು ತೆಗೆಯೋ ಆಜ್ಞೆಗಳನ್ನು ನೀನೇ ಬರ್ಕೋ ಅಂತ ಮಿಷಿನ್ನಿಗೆ ಒಂದು ಸಾಲು. ಬರ್ಕೊಂಡಿದ್ದನ್ನೆಲ್ಲ ನೀನೇ ನಡೆಸು ಅಂತ ಇನ್ನೊಂದು. ‘ರನ್’ ಅಂತ ಹೊಡೆದರೆ ಆಯ್ತು.”

“ಮಧ್ಯದಲ್ಲಿ ಯಾರು ಓದ್ತಾರೆ?”

“ಓದೋದು ಯಾಕೆ? ಮಿಷಿನ್ ಬರೆದಿದ್ದಲ್ವಾ?”

ಹುಡುಗನೇ ಪ್ರಶ್ನೆಪತ್ರಿಕೆ ಬರೆದು, ಹುಡುಗನೇ ಉತ್ತರ ಬರೆದು, ಹುಡುಗನೇ ತನ್ನನ್ನು ಫೇಲ್ ಮಾಡಿಕೊಂಡ ಹಾಗಾಯಿತು! ಮೊದಲ ಸಾಲು ಹೊಡೆದೆ. ಎಪ್ಪತ್ತೊಂದು ಆಜ್ಞೆ ಸಿದ್ಧ ಎಂದು ಬಂತು. ಎಪ್ಪತ್ತೊಂದು ಬೋಗಸ್ಸೇ, ನಮ್ಮ ತಾಲ್ಲೂಕಿನಲ್ಲಿ?

“ರನ್ ಹೊಡೀರಮ್ಮ” ಎಂದರು ಸಾಹೇಬರು, ಬೆನ್ನ ಹಿಂದೆ ನಿಂತು.

ಆಗಲೇ ನಾನು ಕೈ ತೆಗೆದದ್ದು. “ಓದದೆ ಹೊಡೆಯಲ್ಲ ಸಾರ್. ಮೊದಲು ಪ್ರಿಂಟ್ ಆಗಲಿ.”

ಟ್ರಂಕ್ ಲೈನಿನ ಹೊತ್ತು ದಂಡ ಎಂದರು. ಕಾಗದ ದಂಡ ಎಂದರು. “ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ” ಎಂದೂ ಅಂದರು. ನಾನು ಏಳಲಿಲ್ಲ, ಹೊಡೆಯಲೂ ಇಲ್ಲ. ಹದಿನಾಲ್ಕು ವರ್ಷ ಟೈಪ್ ಮಾಡಿದವಳಿಗೆ ಒಂದು ಸತ್ಯ ಗೊತ್ತು. ಕಣ್ಣು ಕಂಡದ್ದನ್ನು ಬೆರಳು ಹೊಡೆಯುತ್ತದೆ, ತಲೆ ರಜೆಯಲ್ಲಿರುತ್ತದೆ. ಆ ಎರಡೂ ಪಟ್ಟಿಯನ್ನು ಟೈಪ್ ಮಾಡಿದವಳು ನಾನೇ. ಒಂದು ಹೆಸರೂ ನೆನಪಿರಲಿಲ್ಲ!

ಕೊನೆಗೆ ಮೂರ್ತಿಯೇ ಪ್ರಿಂಟ್ ಕೊಟ್ಟ. ಸುರುಳಿ ಕಟಕಟ ಎಂದು ಇಳಿಯಿತು. ಹೊಂಬಾಳಮ್ಮ, ರಿಮೂವ್. ಹೊನ್ನೇಗೌಡ, ರಿಮೂವ್. ಹಲಗೇಗೌಡ, ಹುಚ್ಚಯ್ಯ, ರಿಮೂವ್, ರಿಮೂವ್. ಮೊಳ ಉದ್ದಕ್ಕೂ ಬರೀ ಎಚ್. ಅದಾದ ಮೇಲೆ ಶಿವಣ್ಣ, ಶಿವಲಿಂಗಯ್ಯ. ಇದೇನು, ಬೋಗಸ್ ಜನರೆಲ್ಲ ಮಾತಾಡಿಕೊಂಡು ಎರಡೇ ಅಕ್ಷರದಲ್ಲಿ ಹುಟ್ಟಿದರೇ?

ಅಷ್ಟರಲ್ಲಿ ಕೌಂಟರಿನಿಂದ ಒಂದು ದನಿ. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದಿದ್ದರು.

“ಅಮ್ಮಣ್ಣೀ, ನಂದು ಏನಾಯ್ತು ವಸಿ ನೋಡಿ ಯೋಳವ್ವ. ಇಟ್ಟಿನ ಮಿಸನ್ನು ತಂದು ಆರು ತಿಂಗ್ಳಾಯ್ತು, ಗೋಣಿಚೀಲ ಒದ್ಕಂಡು ಕುಂತದೆ. ನಮ್ಮೂರ ಎಂಗುಸ್ರು ಇನ್ನೂ ರಾಗಿ ಒತ್ಕಂಡು ಮದ್ದೂರ್ಗಂಟ ಬತ್ತಾವ್ರೆ.”

“ಹೆಸರೇನಮ್ಮ?”

“ಒಂಬಾಳಮ್ಮ ಕಣವ್ವ. ಬೆಸಗರಳ್ಳಿ.”

ಒಂಬಾಳಮ್ಮ! ಕೆಂಪಯ್ಯನ ಪುಸ್ತಕ ಎಳೆದು ತೆರೆದೆ. ಒಂಬಾಳಮ್ಮ, ಒನ್ನೇಗೌಡ, ಅಲಗೇಗೌಡ, ಉಚ್ಚಯ್ಯ, ಸಿವಣ್ಣ. ಎಲ್ಲರೂ ಇದ್ದರು, ಜಾಗದ ಗುರುತು ಸಮೇತ. ಅರ್ಜಿ ಬರೆದುಕೊಟ್ಟವರು ಸ್ಕೂಲು ಮೇಷ್ಟ್ರುಗಳು, ಪುಸ್ತಕದ ಕನ್ನಡದಲ್ಲಿ. ಕೆಂಪಯ್ಯ ಬರೆದದ್ದು ಜನ ಬಾಯಲ್ಲಿ ಹೇಳಿದ್ದನ್ನು. ಎರಡನ್ನೂ ಇಂಗ್ಲಿಷಿಗೆ ಇಳಿಸಿದ ನಾನು ಒಂದು ಕಡೆ ಎಚ್ ಹಾಕಿದೆ, ಇನ್ನೊಂದು ಕಡೆ ಹಾಕಲಿಲ್ಲ. ಮಿಷಿನ್ನಿಗೆ ಇಬ್ಬರೂ ಬೇರೆ ಬೇರೆ.

ನನಗೆ ನಾಚಿಕೆಯಾಯಿತು. ಅಪ್ಪ ಮೇಷ್ಟ್ರಾದ್ದರಿಂದ ನಾನು ಹೊಟ್ಟೆಯಿಂದ ‘ಹ’ ಎಳೆದು ಕಲಿತವಳು. ‘ಅಳ್ಳಿ’ ಎಂದವರನ್ನು ಕಂಡು ಸೆರಗು ಮುಚ್ಚಿ ನಕ್ಕವಳು. ಆ ನಗುವಿನ ಬೆಲೆ ಈಗ ಈ ಹೆಂಗಸು ಕೊಡಬೇಕೇ?

ಸಾಹೇಬರಿಗೆ ತೋರಿಸಿದೆ. ಅವರು ಸುರುಳಿ ನೋಡಲಿಲ್ಲ, ಗಡಿಯಾರ ನೋಡಿದರು.

“ತಪ್ಪು ಹೇಳಿದ್ದು ಅವರು. ಸ್ವಂತ ಹೆಸರನ್ನೇ ಸರಿಯಾಗಿ ಹೇಳೋಕೆ ಬರದವರಿಗೆ ಕರೆಂಟ್ ಯಾಕ್ರೀ? ರನ್ ಹೊಡೀರಿ.”

ಹೊಂಬಾಳಮ್ಮನಿಗೆ ಕೇಳಿಸಿತು. “ನಮ್ಮವ್ವ ಇಟ್ಟಿದ್ ಎಸ್ರು ಸ್ವಾಮಿ ಅದು” ಎಂದರು. “ಅವ್ಳು ಕರ್ದಂಗೆ ನಾನ್ ಯೋಳ್ತೀನಿ. ತಪ್ಪು ಅನ್ನಕೆ ನೀವ್ಯಾರು?”

ಸಾಹೇಬರು ಮತ್ತೆ ಗಡಿಯಾರದ ಕಡೆ ತಿರುಗಿದರು. ನೀವೇ ಹೇಳಿ. ಕರೆಂಟು ವ್ಯಾಕರಣ ಕೇಳಿಕೊಂಡು ತಂತಿ ಹತ್ತುತ್ತದೆಯೇ? ಇಡೀ ಜಿಲ್ಲೆ ಒಂದು ಅಕ್ಷರ ಬಿಟ್ಟು ಮಾತಾಡಿದರೆ ತಪ್ಪು ಜಿಲ್ಲೆಯದೋ, ಅದು ಗೊತ್ತಿಲ್ಲದೆ ಪಟ್ಟಿ ಮಾಡಿದ ನಮ್ಮದೋ?

ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಈಗ ಸೆರಗಿನೊಳಗಿನ ಕೈ ಹೊರಗೆ ಬಂತು. ಹಳೆಯ ಎಪ್ಪತ್ತೊಂದು ಆಜ್ಞೆಯನ್ನೂ ಅಳಿಸಿದೆ. ಮೂರ್ತಿಯ ಉಪಾಯವನ್ನೇ ಹಿಡಿದು ಹೊಸ ಸಾಲು ಹೊಡೆದೆ. ಪ್ರತಿ ಹೆಸರಿಗೂ ಎರಡೆರಡು ಪ್ರಶ್ನೆ ಬರಿ. ಎಚ್ ಇಟ್ಟು ಒಂದು, ಎಚ್ ಬಿಟ್ಟು ಒಂದು. ಶ ಇದ್ದ ಕಡೆ ಸ ಹಾಕಿಯೂ ಕೇಳು. ಯಾವುದಕ್ಕೂ ಸಿಗದಿದ್ದರೆ ಹೆಸರು ತೋರಿಸು, ತೆಗೆಯಬೇಡ.

“ಮೇಡಂ, ಹೀಗೆ ಎಚ್ ಬಿಡೋದು ನಿಯಮದಲ್ಲಿಲ್ಲ” ಎಂದ ಮೂರ್ತಿ.

“ಮಂಡ್ಯದಲ್ಲಿದೆ” ಎಂದೆ.

ಅವನು ನಕ್ಕುಬಿಟ್ಟ. ನನ್ನ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ಕಾಮಾವನ್ನು ಬೆರಳಿಟ್ಟು ತೋರಿಸಿದ. ಈ ಸಲವೂ ಮಿಷಿನ್ ಬರೆದದ್ದನ್ನು ಪ್ರಿಂಟ್ ಮಾಡಿ ಓದಿದೆ. ಜೋರಾಗಿ ಓದಿದೆ, ಸಾಹೇಬರಿಗೂ ಕೇಳಲಿ ಎಂದು. ಆಮೇಲೆ ರನ್. ಎಪ್ಪತ್ತೊಂದರಲ್ಲಿ ಅರವತ್ತಾರು ಜನ ಸಿಕ್ಕರು. ಉಳಿದ ಐವರ ಜಾಗ ಇನ್ನೊಮ್ಮೆ ನೋಡಿ ಬರಲು ಕೆಂಪಯ್ಯನಿಗೆ ಚೀಟಿ ಬರೆದಿಟ್ಟೆ.

ಹೊಂಬಾಳಮ್ಮ ಪಟ್ಟಿಯಲ್ಲಿದ್ದಾರೆ ಎಂದು ಹೇಳಿದೆ. ಅವರೇನೂ ಕೈ ಮುಗಿಯಲಿಲ್ಲ. “ಇರ್ದೆ ಎಲ್ಲೋದೀನಿ? ಕಂಬ ಯಾವತ್ತು ನೆಡ್ತೀರಿ, ಅದ ಯೋಳಿ” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದರು. ನನಗೆ ಬಹಳ ಇಷ್ಟವಾಯಿತು. ತನ್ನ ಹಕ್ಕು ಸಿಕ್ಕಿದ್ದಕ್ಕೆ ಯಾಕೆ ಥ್ಯಾಂಕ್ಸ್?

ಮೆಮೋಗೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ಕ್ಷಮೆ ಕೇಳಿಬಿಡು, ಇನ್‌ಕ್ರಿಮೆಂಟ್ ಹೋದೀತು ಎಂದು ಸಹೋದ್ಯೋಗಿಗಳ ಉಪದೇಶ. ಯಾರ ಹತ್ತಿರ ಕೇಳಲಿ, ಏನಂತ ಕೇಳಲಿ? ಬಿಳೀ ಹಾಳೆ ಸಿಕ್ಕಿಸಿಕೊಂಡು ಕೂತೆ. “ಮೇಲಧಿಕಾರಿಯ ಆಜ್ಞೆಯನ್ನು ಕೂಡಲೇ ಏಕೆ ನಡೆಸಲಿಲ್ಲ?” ಎಂಬುದು ಅವರ ಪ್ರಶ್ನೆ.

ಒಂದೇ ಸಾಲು ಟೈಪ್ ಮಾಡಿ ಸಹಿ ಹಾಕಿ ಕೊಟ್ಟು ಬಂದಿದ್ದೇನೆ: “ಓದಿದೆ, ಅದಕ್ಕೆ.”