ಮ್ಯಾನೇಜರ ಕೋಟು
ನಮ್ಮ ಬ್ಯಾಂಕಿನ ಮ್ಯಾನೇಜರು ಎಂಥ ಸೆಕೆಯಲ್ಲೂ ಉಣ್ಣೆಯ ಕೋಟು ಬಿಚ್ಚುವುದಿಲ್ಲ. ಹುಬ್ಬಿನ ಬೆವರು ಕನ್ನಡಕಕ್ಕಿಳಿದು ಮೂಗಿನ ತುದಿಯಲ್ಲಿ ತೂಗಾಡುತ್ತಿದ್ದರೂ, ಫ್ಯಾನಿಗೆ ಹೇಳುವವರಂತೆ ತಲೆಯೆತ್ತಿ "ನೋಡೋಣ, ನೋಡೋಣ" ಅನ್ನುತ್ತಾರೆ. ಸ್ವಂತ ಮನೆಗೆ ಬೆಂಕಿ ಬಿದ್ದರೂ "ನೋಡೋಣ" ಅಂದೇ ಬಕೆಟ್ಟಿಗೆ ಕೈಹಾಕುವ ಆಸಾಮಿ. ಹಿಂದೆ ಈ ಕೋಟು ಮೈಮೇಲೆ ಇಷ್ಟು ನಿಲ್ಲುತ್ತಿರಲಿಲ್ಲ. ನಮ್ಮೂರಲ್ಲಿ ಸೇತುವೆಯ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಕರಿಯರು. ಮ್ಯಾನೇಜರಂತೆ ಬಿಳಿಯರು ಬಂದರೆ ಕೂರಲು ಎದುರಿನ ಕುರ್ಚಿ ಖಾಲಿ. ಸೇತುವೆಯಾಚೆಯ ಕರಿಯರು ನಾವು ಬಾಗಿಲಲ್ಲಿ ಕಂಡರೆ ಸಾಕು, ಕೋಟು ಬಿಚ್ಚಿ ಆ ಕುರ್ಚಿಯ ಮೇಲೆ ಹಾಕಿಬಿಡುತ್ತಿದ್ದರು. "ಕೋಟು ಕೂತಿತ್ತಾ?" ಅಂತ ನಮ್ಮತ್ತೆ ಕೇಳೋರು, ಹೂಂ ಅಂದರೆ ಸಾಲದ ಮಾತು ಅಲ್ಲಿಗೇ ಮುಗಿಯಿತು. ಹೊಲಿಗೆ ಯಂತ್ರದ ಸಾಲ ಕೇಳಲು ಹೋದಾಗ ನಾನು ತುಂಬು ಬಸುರಿ. ನಿಂತೂ ನಿಂತೂ ತಲೆ ಸುತ್ತಿ ಕುರ್ಚಿಗೆ ಆತುಕೊಂಡೆ, ಕೋಟು ಜಾರಿ ಬಿತ್ತು. ದರ್ಜಿಯ ಕೈ ಸುಮ್ಮನಿರುತ್ತದೆಯೇ? ಎತ್ತಿ, ಕೊಡವಿ, ಸುಕ್ಕಾಗದಂತೆ ಮಡಿಸಿ ಕುರ್ಚಿಯ ಮೇಲೇ ಇಟ್ಟು, ನಾನು ನೆಲದ ಮೇಲೆ ಕೂತೆ. ಆ ಮಡಿಕೆಯನ್ನೇ ನೋಡುತ್ತಾ ನಿಂತ ಮ್ಯಾನೇಜರು ತಟ್ಟನೆ ಕೋಟು ತೊಟ್ಟುಕೊಂಡು, "ಏಳಮ್ಮ, ಮೇಲೆ ಕೂತ್ಕೋ" ಅಂದರು. ಸೇತುವೆಯಾಚೆಗೆ ಸಾಲ ಬೇಡವೆಂದು ಬ್ಯಾಂಕಿನ ಮೇಲಿನವರು ಗದರಿದರೂ ಇವರು ಕೊಟ್ಟರು. ಇವರ ಬಡ್ತಿ ಅಲ್ಲಿಗೇ ನಿಂತಿತು. ಮೊನ್ನೆ ಕೇಳಿದೆ: "ಸಾರ್, ಕೋಟು ತೂಗುಹಾಕೋಕೆ ಗೋಡೆಗೊಂದು ಮೊಳೆ ಹೊಡೆಸಬಾರದಾ?" "ಬೇಡಮ್ಮ. ಬಿಚ್ಚಿದ್ರೆ ಈ ಕೈ ಮತ್ತೆ ಆ ಕುರ್ಚಿ ಕಡೆಗೇ ಹೋಗುತ್ತೆ." ಅದಕ್ಕೇ ಈಗ ಅವರಿಗೊಂದು ತೆಳು ಹತ್ತಿಯ ಕೋಟು ಹೊಲಿಯುತ್ತಿದ್ದೇನೆ. ಅಳತೆ ಕೇಳಲಿಲ್ಲ, ಅಂದು ಮಡಿಸುವಾಗಲೇ ನನ್ನ ಕೈಗೆ ಗೊತ್ತಾಗಿತ್ತು.