ಹತ್ತು ನಿಮಿಷ ಎಂದು ಹೇಳಿದ್ದೆ

ನನ್ನ ತಂಗಿ ನಾಗವೇಣಿಯ ಮಾತು ನಿಂತದ್ದು ನನ್ನಿಂದ. ಅವಳು ಹುಟ್ಟಿದಂದಿನಿಂದಲೂ ಹಾಗೆಯೇ ಎಂದು ವೈದ್ಯರಿಗೆ ಹೇಳಿದವನೂ ನಾನೇ. ಮೊದಲನೆಯದು ಒಂದು ಮಧ್ಯಾಹ್ನದಲ್ಲಿ ನಡೆದುಹೋಯಿತು. ಎರಡನೆಯದನ್ನು ಒಂಬತ್ತು ವರ್ಷ, ಎಚ್ಚರವಿದ್ದೇ, ನಡೆಸಿಕೊಂಡು ಬಂದೆ.

ಹೀಗೆ ನೇರವಾಗಿ ಬರೆದುಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಬರೆದ ಕೂಡಲೇ ಒಳಗಿನಿಂದ ಒಬ್ಬ ವಕೀಲ ಎದ್ದು ನಿಲ್ಲುತ್ತಾನೆ — ಖಚಿತವಾಗಿ ಗೊತ್ತೇ? ನೋಡಿದ್ದೆಯಾ, ಇಲ್ಲ ಆಮೇಲೆ ಕೇಳಿದ್ದನ್ನೇ ನೋಡಿದೆನೆಂದು ಮಾಡಿಕೊಂಡೆಯಾ? ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವನು. ಸಾಗರದ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ನೆನಪನ್ನು ನಂಬಬೇಡಿ, ಪ್ರತಿ ಸಲ ಹೊರಗೆ ತೆಗೆದಾಗಲೂ ಅದು ಸ್ವಲ್ಪ ಬದಲಾಗಿಯೇ ಒಳಗೆ ಹೋಗುತ್ತದೆ ಎಂದು ವಿದ್ಯಾರ್ಥಿಗಳಿಗೆ ವರ್ಷ ವರ್ಷವೂ ಹೇಳುತ್ತೇನೆ. ಸಂಶಯಪಡುವುದೇ ಪ್ರಾಮಾಣಿಕತೆ ಎಂದು ನಂಬಿದ್ದೆ. ನನ್ನ ಮಟ್ಟಿಗೆ ಅದು ಅಡಗಿಕೊಳ್ಳುವ ಜಾಗವಾಗಿತ್ತು.

ವೇಣಿ ನನಗಿಂತ ಏಳು ವರ್ಷ ಚಿಕ್ಕವಳು. ಉಳಿದ ಮಕ್ಕಳಂತೆ ಇರಲಿಲ್ಲ — ಇದು ನಿಜ, ಈ ನಿಜದ ಮರೆಯಲ್ಲೇ ನನ್ನ ಸುಳ್ಳು ಇಷ್ಟು ಕಾಲ ನಿಂತದ್ದು. ನಾಲ್ಕು ವರ್ಷ ತುಂಬಿದರೂ ಅವಳಿಗೆ ಮಾತು ಬರಲಿಲ್ಲ. ಬಂದಾಗ ಪೂರ್ತಿ ವಾಕ್ಯವಾಗಿಯೇ ಬಂತು. ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ದೇವರ ಮುಂದೆ ಜಾಗಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಒಂದು ಸರಿದರೂ ಮತ್ತೆ ಮೊದಲಿನಿಂದ. ಹೊಸನಗರಕ್ಕೆ ಬಂದುಹೋಗುವ ಬಸ್ಸುಗಳ ಹೊತ್ತೆಲ್ಲ ಅವಳಿಗೆ ಬಾಯಿಪಾಠ. ಮನೆಗೆ ಬಂದ ನೆಂಟರು ಹೊರಡಲು ಎದ್ದರೆ, "ಆನಂದಪುರದ ಬಸ್ಸಿಗೆ ಇನ್ನೂ ಹದಿನೇಳು ನಿಮಿಷ ಇದೆ, ಈಗ್ಲೇ ಹೋಗಿ ಎಂತ ಮಾಡ್ತೀರಿ?" ಎನ್ನುತ್ತಿದ್ದಳು. ನೆಂಟರು ನಗುತ್ತಿದ್ದರು. ಅವಳಿಗೆ ಅದು ತಮಾಷೆಯಲ್ಲ. ಆಡಿದ ಮಾತನ್ನು ಆಡಿದ ಹಾಗೆಯೇ ನಂಬುವವಳು ಅವಳು. 'ಈಗ ಬಂದೆ' ಎಂದು ಹೋದವರು ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅಪ್ಪನಿಗೆ ಹೊಸನಗರದಲ್ಲಿ ಸಣ್ಣದೊಂದು ಅಕ್ಕಿ ಮಿಲ್ಲಿತ್ತು. ಅದರ ಹಿಂದೆಯೇ ಮನೆ. ಮಿಲ್ಲು ಓಡುವ ಹೊತ್ತಿನಲ್ಲಿ ವೇಣಿ ಅಲ್ಲಿರುತ್ತಿರಲಿಲ್ಲ, ಇರಲು ಅವಳಿಂದ ಆಗುತ್ತಲೇ ಇರಲಿಲ್ಲ. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲೇ ಅಮ್ಮ ಅವಳನ್ನು ಹಿಂದಿನ ಬೀದಿಯ ದೊಡ್ಡಮ್ಮನ ಮನೆಗೆ ಕಳಿಸುತ್ತಿದ್ದಳು. ಆ ಶಬ್ದ ಅವಳಿಗೆ ಏನು ಮಾಡುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ನನಗೆ.

ಎಪ್ಪತ್ತರ ದಶಕದ ನಡುವಿನ ಒಂದು ಭಾನುವಾರ. ನಾನು ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಅಕ್ಕ ಸಾವಿತ್ರಿಯನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೂ ಮೊದಲು ಎರಡು ಸಂಬಂಧ ತಪ್ಪಿಹೋಗಿದ್ದವು. ಬಂದವರು ಅಕ್ಕನನ್ನು ಒಪ್ಪಿಕೊಂಡರೂ, ಮೂಲೆಯಲ್ಲಿ ಬೀಜ ಜೋಡಿಸುತ್ತ ಕೂತ ವೇಣಿಯನ್ನು ನೋಡಿ ಕಾಫಿ ಲೋಟ ಕೆಳಗಿಡುತ್ತಿದ್ದರು. "ಹುಡುಗಿ ಚಂದ ಇದಾಳೆ. ಆದ್ರೆ ಒಡಹುಟ್ಟಿದ್ದು ಹಿಂಗಿದ್ರೆ, ನಾಳೆ ಮಕ್ಳು ಮರಿ…" ಎಂದು ದೊಡ್ಡಮ್ಮನ ಮೂಲಕ ಮಾತು ಬರುತ್ತಿತ್ತು. ನಮ್ಮ ಕಡೆ ಇಂಥ ದಿನ ಮನೆಯಲ್ಲಿನ 'ಹಿಂಗಿರುವ'ವರನ್ನು ನೆಂಟರ ಮನೆಗೆ ಕಳಿಸುವುದುಂಟು. ಯಾರೂ ಅದನ್ನು ತಪ್ಪೆಂದುಕೊಳ್ಳುತ್ತಿರಲಿಲ್ಲ.

ಈ ಸಲ ವೇಣಿಯನ್ನು ಆನಂದಪುರದ ಚಿಕ್ಕಪ್ಪನ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಆದರೆ ಆ ದಿನ ಎಂದಿನ ಬಸ್ಸು ಕೆಟ್ಟು, ಬದಲಿಗೆ ಬೇರೆ ಬಸ್ಸು ಬಂತು. "ಇದು ಆ ಬಸ್ಸಲ್ಲ" ಎಂದು ಅವಳು ಹತ್ತಲೇ ಇಲ್ಲ. ದೊಡ್ಡಮ್ಮನ ಮನೆಗೆ ಬೀಗ. ದೊಡ್ಡಮ್ಮ ನಮ್ಮಲ್ಲೇ ಅಡುಗೆಗೆ ನಿಂತಿದ್ದಳು. ಅಷ್ಟರಲ್ಲಿ ಗಂಡಿನ ಕಡೆಯವರು ಬಸ್ಸಿಳಿದರು ಎಂಬ ಸುದ್ದಿ. ಅಮ್ಮ ನನ್ನ ತೋಳು ಹಿಡಿದಳು. "ಎಲ್ಲಾದ್ರೂ ಒಂಚೂರು ಕೂರ್ಸೋ. ನೀನು ಹೇಳಿದ್ರೆ ಕೇಳ್ತಾಳೆ."

ಕೇಳುತ್ತಿದ್ದಳು. ಮನೆಯಲ್ಲಿ ಅವಳನ್ನು ಅರ್ಥಮಾಡಿಕೊಂಡವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಯಂತ್ರದ ಪಕ್ಕದಲ್ಲಿ, ಒಂದೇ ಹಲಗೆಯ ಗೋಡೆಯ ಆಚೆ, ತೌಡು ಕೂಡಿಡುವ ಕೋಣೆ ಇತ್ತು. ಭಾನುವಾರ ಮಿಲ್ಲಿಗೆ ರಜೆ. ಅವಳನ್ನು ಅಲ್ಲಿ ಚೀಲದ ಮೇಲೆ ಕೂರಿಸಿ, ಅವಳು ಯಾವಾಗಲೂ ಹಿಡಿದಿರುತ್ತಿದ್ದ ಅಪ್ಪನ ಹಳೆಯ ಗಡಿಯಾರವನ್ನು ಕೈಗೆ ಕೊಟ್ಟೆ.

"ಹತ್ತು ನಿಮಿಷ ಕೂತಿರು. ನಾನು ಬಂದು ತೆಗಿತೀನಿ."

"ಹತ್ತು ನಿಮಿಷನಾ?"

"ಹತ್ತೇ ನಿಮಿಷ."

ಹೊರಗಿನಿಂದ ಚಿಲಕ ಹಾಕಿದೆ.

ಹತ್ತು ನಿಮಿಷವಾದ ಕೂಡಲೇ ಅವಳು ಬಾಗಿಲು ತಟ್ಟಿದಳು. ಹೆದರಿ ಅಲ್ಲ — ಈಗ ನನಗೆ ಅದು ಸ್ಪಷ್ಟ — ಹೊತ್ತಾಯಿತು, ಅದಕ್ಕೆ. ಮೂರು ಸಲ ತಟ್ಟಿ ನಿಲ್ಲಿಸುವುದು, ಮತ್ತೆ ಮೂರು ಸಲ. ಜಗಲಿಯಲ್ಲಿ ಕೂತಿದ್ದ ಗಂಡಿನ ಸೋದರಮಾವ ಕಿವಿ ನಿಮಿರಿಸಿ, "ಎಂತ ಅದು ಶಬ್ದ?" ಎಂದರು. ಅಪ್ಪ ನೆಲ ನೋಡಿದ. ನಾನು, "ಹೆಗ್ಗಣ ಇರ್ಬೇಕು, ನೋಡ್ಕಂಡ್ ಬರ್ತೀನಿ" ಎಂದು ನಕ್ಕು ಎದ್ದೆ.

ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿದ್ದವು. ಬಹಳ ವರ್ಷ ನಾನು ಬಳಸಿದ್ದು ಇದು: ನಾನು ಅಂಗಳಕ್ಕೆ ಬರುವಷ್ಟರಲ್ಲಿ, ಯಾರೋ ರೈತ ಭತ್ತ ತಂದನೆಂದು ರಜೆಯ ದಿನವೂ ಮಿಲ್ಲಿನ ಅಂಗಳದಲ್ಲೇ ಇರುತ್ತಿದ್ದ ಆಳು ಪುಟ್ಟಪ್ಪ ತಾನಾಗಿಯೇ ಯಂತ್ರ ಶುರುಮಾಡಿಬಿಟ್ಟಿದ್ದ. ತಡೆಯಲು ಆಗಲಿಲ್ಲ. ಅರ್ಧ ಗಂಟೆ ಓಡಿತು. ನೆಂಟರನ್ನು ಬಿಟ್ಟು ಏಳಲಾಗದೆ ಜಗಲಿಯಲ್ಲೇ ಕೂತಿದ್ದ ಅಪ್ಪನಿಗೂ, ಪುಟ್ಟಪ್ಪ ತಾನಾಗಿಯೇ ಶುರುಮಾಡಿದನೆಂದೇ ಹೇಳಿದೆ. ಮರುದಿನ ಅಪ್ಪ ಪುಟ್ಟಪ್ಪನನ್ನು ಕೆಲಸದಿಂದ ತೆಗೆದ. ನಾನು ಪಕ್ಕದಲ್ಲೇ ನಿಂತಿದ್ದೆ.

ನೆಂಟರು ಒಪ್ಪಿಗೆ ಹೇಳಿ ಹೋದ ಮೇಲೆ ಚಿಲಕ ತೆಗೆದೆ. ವೇಣಿ ಎರಡು ಚೀಲಗಳ ಸಂದಿನಲ್ಲಿ ತಲೆ ಹುದುಗಿಸಿಕೊಂಡಿದ್ದಳು. ಕೂದಲು, ರೆಪ್ಪೆ, ತುಟಿ, ಎಲ್ಲದರ ಮೇಲೂ ತೌಡು. ಅಳುತ್ತಿರಲಿಲ್ಲ. ಕಿವಿಯ ಮೇಲಿನ ಕೈಗಳನ್ನು ಬಿಡಿಸಲು ಅಮ್ಮನಿಗೂ ನನಗೂ ಆಗಲಿಲ್ಲ. ಅಂದಿನಿಂದ ಅವಳು ಮಾತಾಡಲಿಲ್ಲ. ಯಾವ ಬಾಗಿಲನ್ನೂ ಮುಚ್ಚಗೊಡಲಿಲ್ಲ. ಚಿಲಕದ ಸದ್ದು ಕೇಳಿದರೆ ನಿಂತಲ್ಲೇ ಮೂತ್ರ ಹೋಗುತ್ತಿತ್ತು. ಅವಳಿಗೆ ಆಗ ಹದಿನೈದು.

ಅಕ್ಕನ ಮದುವೆಯಾಯಿತು. ಕೆಲವು ತಿಂಗಳ ನಂತರ ಅಮ್ಮ ಮತ್ತು ನಾನು ವೇಣಿಯನ್ನು ಸಾಗರದಲ್ಲಿ ಹಿರಿಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ. "ಹುಟ್ಟಿನಿಂದ ಹೀಗೋ, ಏನಾದ್ರೂ ಆದ ಮೇಲೆ ಹೀಗೋ?" ಅಮ್ಮ, "ಅವತ್ತು ಮಿಲ್ಲಿನಲ್ಲಿ…" ಎಂದು ಶುರುಮಾಡಿದಳು. ಶುರುಮಾಡಿದಳೋ ಇಲ್ಲವೋ ಎಂದು ಹಲವು ಸಲ ಅನುಮಾನಪಟ್ಟಿದ್ದೇನೆ. ಆದರೆ ನಾನು ಅವಳ ಮೊಣಕೈ ಒತ್ತಿದ್ದು ನನ್ನ ಬೆರಳುಗಳಿಗೆ ಗೊತ್ತು. "ಹುಟ್ಟಿನಿಂದ್ಲೂ ಹೀಗೇ ಡಾಕ್ಟ್ರೇ" ಎಂದೆ. ಆಮೇಲೆ ಇಂಗ್ಲಿಷಿನಲ್ಲಿ, ಪಠ್ಯಪುಸ್ತಕದ ಮಾತುಗಳಲ್ಲಿ, ತಡವಾಗಿ ಬಂದ ಮಾತು, ಹುಣಸೆ ಬೀಜ, ಜಾಗಟೆ ಎಲ್ಲವನ್ನೂ ವಿವರಿಸಿದೆ. ಒಂದೊಂದೂ ನಿಜ. ಅವರು ನನ್ನ ಓದನ್ನು ಗೌರವಿಸಿ ತಲೆಯಾಡಿಸಿದರು. ಹುಟ್ಟಿನದಾದರೆ ಮಾಡುವುದೇನಿದೆ — ಮಂಕು ಹಿಡಿಸುವ ಮಾತ್ರೆ ಬರೆದುಕೊಟ್ಟರು. ಒಂಬತ್ತು ವರ್ಷ ಅವಳು ಅದನ್ನು ನುಂಗಿದಳು. ಹದಿನೈದರಿಂದ ಇಪ್ಪತ್ತನಾಲ್ಕರವರೆಗೆ, ತೆರೆದ ಬಾಗಿಲಿಗೆ ಒರಗಿ, ಅರೆಗಣ್ಣಿನಲ್ಲಿ.

ಈ ನಡುವೆ ಅಪ್ಪ ತೀರಿಕೊಂಡ, ಮಿಲ್ಲು ಮಾರಿದೆವು, ಅಮ್ಮ ಮತ್ತು ವೇಣಿ ನನ್ನೊಡನೆ ಸಾಗರಕ್ಕೆ ಬಂದರು. ಎಂಬತ್ತರ ದಶಕದಲ್ಲಿ, ಅಕ್ಕನೇ ಹುಡುಕಿ, ತೀರ್ಥಹಳ್ಳಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನೊಬ್ಬರಲ್ಲಿಗೆ ನಮ್ಮನ್ನು ಕರೆದೊಯ್ದಳು. ಮನಸ್ಸಿನ ಕಾಯಿಲೆಗಳ ಬಗ್ಗೆ ಕಲಿತು ಬಂದವರು. ಅವರು ಔಷಧಿ ಬರೆಯಲಿಲ್ಲ. ಚಾಪೆ ಹಾಸಿ, ಒಂದು ಡಬ್ಬಿ ಅಂಗಿಯ ಗುಂಡಿಗಳನ್ನು ಸುರಿದು, ವೇಣಿಯ ಎದುರಲ್ಲ, ಪಕ್ಕದಲ್ಲಿ ಕೂತರು. ಒಂದು ಗಂಟೆ ಇಬ್ಬರೂ ಗುಂಡಿ ಜೋಡಿಸಿದರು. ಹೊರಗೆ ಯಾರೋ ಗೇಟಿನ ಚಿಲಕ ಎಳೆದರು. ವೇಣಿ ಕುಗ್ಗಿ ಗೋಡೆಗೆ ಅಂಟಿದಳು.

ಆಮೇಲೆ ಅವರು ನನ್ನನ್ನು ಕರೆದು ಹೇಳಿದರು. "ಸಾಲು ಇಷ್ಟ, ಗಲಾಟೆ ಆಗಲ್ಲ, ಮುಖ ನೋಡಲ್ಲ — ಇದು ಇವಳು ಹುಟ್ಟಿದ ರೀತಿ. ಇದನ್ನ ನಾನು ಗುಣ ಮಾಡಕ್ಕೆ ಹೋಗಲ್ಲ, ಇದು ರೋಗ ಅಲ್ಲ. ಆದರೆ ಚಿಲಕದ ಹೆದರಿಕೆಯನ್ನ ಯಾರೂ ಹುಟ್ಟುವಾಗ ತರಲ್ಲ. ಅದು ಯಾವಾಗ ಬಂತು?"

"ನೆನಪಿಲ್ಲ" ಎಂದೆ.

ಅವರು ಬೈಯಲಿಲ್ಲ. "ನೆನಪು ಮಾಡ್ಕೊಂಡು ಬನ್ನಿ. ಗೊತ್ತಾಗದೆ ನಾನು ಯಾವ ಬಾಗಿಲು ಮುಟ್ಟಿದ್ರೂ ಇವಳಿಗೆ ನೋವಾಗತ್ತೆ."

ಮರುದಿನ ನಾನು ಹುಂಚಕ್ಕೆ ಹೋದೆ. ಪುಟ್ಟಪ್ಪ ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ನನ್ನ ಮೊದಲ ನೆನಪೇ ಸರಿ ಎಂದು ಅವನು ಹೇಳಲಿ ಎಂಬ ಆಸೆ — ಹೌದು, ಆ ಆಸೆಯಿಂದಲೇ ಹೋದೆ.

"ಅವತ್ತು ಭಾನುವಾರ ಮಿಲ್ಲು ಯಾಕೆ ಶುರು ಮಾಡ್ದೆ ಪುಟ್ಟಪ್ಪ?"

ಅವನು ಕೈಯಲ್ಲಿದ್ದ ಟ್ಯೂಬನ್ನು ನೀರಿನಲ್ಲೇ ಬಿಟ್ಟ. "ತಮಾಷೆ ಮಾಡ್ತೀರಾ ಮೇಷ್ಟ್ರೆ?"

"ಇಲ್ಲ. ನಂಗೆ ಸರಿಯಾಗಿ ನೆನಪಿಲ್ಲ."

"ಅಷ್ಟು ಓದಿದವ್ರಿಗೆ ಇಷ್ಟಾದ್ರೂ ನೆನಪಿರ್ಬೇಕಪ್ಪ. ನೀವೇ ಓಡಿಬಂದು ಬೆಲ್ಟ್ ಹಾಕು ಅಂದ್ರಿ. ಭಾನ್ವಾರ ಎಂತಕ್ಕೆ ಅಂದೆ. ಶಬ್ದ ಆಗ್ಬೇಕು, ಇದ್ದಬದ್ದ ಭತ್ತ ಸುರಿ, ನಾನು ಹೇಳೋತಂಕ ನಿಲ್ಲಿಸ್ಬೇಡ ಅಂದ್ರಿ. ಒಳಗೆ ವೇಣಮ್ಮ ಇದಾರೆ ಅಂತ ನಂಗೆ ಹೇಳಿದ್ರಾ?"

"ಎಷ್ಟು ಹೊತ್ತು ಓಡ್ತು?"

"ಆರು ಚೀಲ ಆಗಿತ್ತು."

ನಮ್ಮ ಹಳೆಯ ಯಂತ್ರದಲ್ಲಿ ಆರು ಚೀಲ ಭತ್ತ ಅಕ್ಕಿಯಾಗಲು ಎರಡು ಗಂಟೆ ಬೇಕು. ನನ್ನ ನೆನಪು ಅದನ್ನು ಅರ್ಧ ಗಂಟೆ ಮಾಡಿಟ್ಟಿತ್ತು.

"ಅಪ್ಪ ನಿನ್ನ ತೆಗೆದಾಗ ನೀನು ಯಾಕೆ ಹೇಳ್ಲಿಲ್ಲ?"

"ನೀವು ಅಲ್ಲೇ ನಿಂತಿದ್ರಲ್ಲ" ಎಂದ ಪುಟ್ಟಪ್ಪ. "ನೀವು ಹೇಳ್ತೀರಿ ಅಂದ್ಕಂಡೆ."

ನಾನು ಮರೆತಿದ್ದೆನೇ? ಅಮ್ಮನ ಮೊಣಕೈ ಒತ್ತುವಷ್ಟು ನೆನಪು ನನಗಿತ್ತಲ್ಲ. ಬಾಗಿಲು ತಟ್ಟುವ ಸದ್ದನ್ನು ಮುಚ್ಚಲು, ಅವಳು ಲೋಕದಲ್ಲಿ ಎಲ್ಲಕ್ಕಿಂತ ಹೆದರುವ ಸದ್ದನ್ನೇ ಆರಿಸಿದ್ದೆ. ಅವಳನ್ನು ಚೆನ್ನಾಗಿ ಬಲ್ಲವನು ನಾನು ಎಂದೆನಲ್ಲ — ಬಲ್ಲೆ, ಆದ್ದರಿಂದಲೇ ಇದಕ್ಕೆ 'ಗೊತ್ತಿರಲಿಲ್ಲ' ಎಂಬ ಮಾತು ಹೊಂದುವುದಿಲ್ಲ.

ಮುಂದಿನ ಗುರುವಾರ ಡಾಕ್ಟರಮ್ಮನ ಮುಂದೆ, ಅಮ್ಮ ಮತ್ತು ಅಕ್ಕನ ಎದುರಿಗೆ, ಎಲ್ಲವನ್ನೂ ಹೇಳಿದೆ. ವೇಣಿ ಚಾಪೆಯ ಮೇಲಿದ್ದಳು. ಮಾತಿನ ನಡುವೆ ಅವಳ ಕೈ ಗುಂಡಿಯ ಮೇಲೆ ನಿಂತಿತು. ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಅಣ್ಣ ಹೇಳಿದ ಹಾಗೇ ಆಯ್ತಾ ವೇಣಿ? ಹೌದಾದ್ರೆ ಒಂದು ಗುಂಡಿ ಈ ಕಡೆ ಇಡು." ಅವಳು ಒಂದು ಗುಂಡಿ ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮತ್ತೆ ಇನ್ನೊಂದು. ಡಬ್ಬಿಯಲ್ಲಿದ್ದ ಎಲ್ಲವನ್ನೂ ಆ ಕಡೆಗೆ ಸರಿಸಿದಳು.

ಹೊರಗೆ ಬಂದ ಮೇಲೆ ನಾನು ಅಕ್ಕನಿಗೆ ಏನೋ ಹೇಳಲು ಹೋದೆ. ಅವಳು ತಡೆದಳು. "ನನ್ನ ಮದ್ವೆಗೋಸ್ಕರ ಅಂತ ಮಾತ್ರ ಹೇಳ್ಬೇಡ ಕಣೋ. ನಾನು ಕೇಳಿರ್ಲಿಲ್ಲ." ಆ ವಾಕ್ಯವನ್ನೇ ನಾನು ಹೇಳಲು ಹೊರಟಿದ್ದೆ.

ಮಾತ್ರೆಗಳನ್ನು ಡಾಕ್ಟರಮ್ಮ ಮೆಲ್ಲಮೆಲ್ಲನೆ ತಗ್ಗಿಸಿದರು. ಪ್ರತಿ ಗುರುವಾರ ತಮ್ಮ ಕೋಣೆಯ ಬಾಗಿಲನ್ನು ವೇಣಿಯ ಕೈಯಿಂದಲೇ ಮುಚ್ಚಿಸಿ, ಅವಳ ಕೈಯಿಂದಲೇ ತೆಗೆಸುತ್ತಿದ್ದರು, ಮೊದಲು ಬೆರಳಗಲ, ಆಮೇಲೆ ಅಂಗೈ ಅಗಲ. "ಮಾತು ಬಂದೇ ಬರತ್ತೆ ಅಂತ ನಾನು ಹೇಳಲ್ಲ" ಎಂದು ಅಮ್ಮನಿಗೆ ಮೊದಲೇ ತಿಳಿಸಿದ್ದರು. ಪುಟ್ಟಪ್ಪನಲ್ಲಿಗೆ ನಾನು ಮತ್ತೊಮ್ಮೆ ಹೋಗಿ, ಅವನ ಅಂಗಡಿಯಲ್ಲಿ ನಾಲ್ಕು ಜನರಿರುವಾಗಲೇ, ತಪ್ಪು ನನ್ನದೆಂದು ಹೇಳಿ ಬಂದೆ. ಅವನು, "ಆಯ್ತು, ಚಾ ಕುಡೀರಿ" ಎಂದ. ಆದರೆ ಅಪ್ಪ ಪುಟ್ಟಪ್ಪನನ್ನು ಬೈದುಕೊಂಡೇ ತೀರಿಹೋದ. ಅದನ್ನು ತಿದ್ದಲು ಈಗ ಯಾರಿಗೆ ಹೇಳಲಿ?

ಏಳೆಂಟು ತಿಂಗಳ ಮೇಲೆ ಒಂದು ಗುರುವಾರ. ಎಂದಿನಂತೆ ವೇಣಿಯ ಹಿಂದೆಯೇ ನಾನೂ ಡಾಕ್ಟರಮ್ಮನ ಕೋಣೆಯ ಹೊಸ್ತಿಲು ದಾಟಲು ಹೋದೆ. ಅವಳು ನಿಂತಳು. ನನ್ನ ಮುಖ ನೋಡದೆ, ಬಾಗಿಲ ಚೌಕಟ್ಟನ್ನು ನೋಡುತ್ತ, ತುಕ್ಕು ಹಿಡಿದಂಥ ದನಿಯಲ್ಲಿ ಹೇಳಿದಳು:

"ನೀನು ಹೊರಗೆ ಕೂತ್ಕೋ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ವೇಣಿ ಒಳಗೆ ಹೋಗಿ ಬಾಗಿಲನ್ನು ತಾನೇ ಮುಚ್ಚಿಕೊಂಡಳು.

ಅಂದಿನಿಂದ ಗುರುವಾರಗಳಂದು ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಒಳಗೆ ಅವಳು ಏನು ಹೇಳುತ್ತಾಳೆ, ನನ್ನ ಬಗ್ಗೆ ಹೇಳುತ್ತಾಳೆಯೇ ಎಂದು ಡಾಕ್ಟರಮ್ಮನನ್ನು ನಾನು ಕೇಳಿಲ್ಲ. ಕೇಳುವುದೂ ಇಲ್ಲ.